ವೆನಿಸ್‌ನಲ್ಲಿ ಎರಡು ರಾತ್ರಿ

ವೆನಿಸ್‌ನ ಹಳೆಯ ನಗರ ತೀರ ಚಿಕ್ಕದು. ಪಶ್ಚಿಮದ ರೈಲು ನಿಲ್ದಾಣದಿಂದ ಪೂರ್ವ ತುದಿಯ ಉದ್ಯಾನಗಳವರೆಗೆ ದಾರಿ ತಪ್ಪದೆ ನಡೆದರೆ ಒಂದು ಗಂಟೆ ಚಿಲ್ಲರೆ ಹಿಡಿಯುತ್ತದೆ. ದಾರಿ ತಪ್ಪದವರು ಅಪರೂಪ, ಅದು ಬೇರೆ ಮಾತು. ಆಳವಿಲ್ಲದ ಉಪ್ಪುನೀರಿನ ಲಗೂನಿನ ನಡುವೆ ನೂರಕ್ಕೂ ಮಿಕ್ಕ ನಡುಗಡ್ಡೆಗಳು, ಅವನ್ನು ಹೊಲಿದಿಟ್ಟ ನಾನೂರಕ್ಕೂ ಮಿಕ್ಕ ಸೇತುವೆಗಳು, ಆರು ಪೇಟೆಗಳು. ಕಾರಿಲ್ಲ, ಬಸ್ಸಿಲ್ಲ, ಸೈಕಲ್ ಕೂಡ ಇಲ್ಲ. ಈ ಚಿಕ್ಕತನವೇ ಪ್ರವಾಸ ಯೋಜಿಸುವವರ ಕಣ್ಣು ಕಟ್ಟುತ್ತದೆ. ಭಾರತದಿಂದ ಹೊರಡುವ ಯುರೋಪ್ ಗುಂಪು ಪ್ರವಾಸಗಳಲ್ಲಿ ರೋಮ್, ಫ್ಲಾರೆನ್ಸ್‌ಗಳನ್ನು ಮುಗಿಸಿ ಸ್ವಿಟ್ಜರ್ಲೆಂಡಿನ ಕಡೆ ಹೊರಳುವ ದಾರಿಯಲ್ಲಿ ವೆನಿಸ್‌ಗೆ ಸಾಮಾನ್ಯವಾಗಿ ಸಿಗುವುದು ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಸ್ವಂತವಾಗಿ ಯೋಜಿಸುವವರೂ ನೋಡಬೇಕಾದ ಸ್ಥಳಗಳ ಪಟ್ಟಿ ಮಾಡಿ, ಅವು ಒಂದಕ್ಕೊಂದು ಹತ್ತಿರವಿರುವುದನ್ನು ನಕಾಶೆಯಲ್ಲಿ ಕಂಡು, ಇಷ್ಟಕ್ಕೆ ಒಂದು ಹಗಲು ಧಾರಾಳವಾಯಿತು ಎಂದುಕೊಳ್ಳುತ್ತಾರೆ.

ಲೆಕ್ಕ ತಪ್ಪುವುದು ಇಲ್ಲಿಯೇ. ವೆನಿಸ್‌ನಲ್ಲಿ ಸ್ಥಳಗಳ ನಡುವಿನ ದೂರಕ್ಕಿಂತ ದಿನದ ಗಂಟೆಗಳು ಮುಖ್ಯ. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಒಂದು ವೆನಿಸ್ ಇರುತ್ತದೆ; ಉಳಿದ ಹೊತ್ತಿನಲ್ಲಿ ಇನ್ನೊಂದು. ರೈಲು, ಬಸ್ಸು, ದೋಣಿಗಳಲ್ಲಿ ಬೆಳಗ್ಗೆ ಬಂದು ಸಂಜೆ ಮರಳುವ ಜನ ಮೊದಲನೆಯದನ್ನಷ್ಟೇ ಕಾಣುತ್ತಾರೆ, ಅದೂ ಅದರ ಒಂದು ಪಟ್ಟಿಯನ್ನು: ನಿಲ್ದಾಣದಿಂದ ರಿಯಾಲ್ಟೊ ಸೇತುವೆ, ಅಲ್ಲಿಂದ ಸಾನ್ ಮಾರ್ಕೊ ಚೌಕ. ಈ ದಾರಿಯ ಓಣಿಗಳಲ್ಲಿ ಬೇಸಿಗೆಯ ನಡುಹಗಲು ಮುಂದೆ ನಡೆಯುವವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ಹತ್ತು ನಿಮಿಷದ ಆಚೆ, ಕನ್ನರೇಜೊ ಅಥವಾ ಕಸ್ತೆಲ್ಲೊ ಪೇಟೆಯ ಹಿಂಬದಿಯಲ್ಲಿ, ಬಟ್ಟೆ ಒಣಹಾಕಿದ ಓಣಿಗಳು ಬಿಕೋ ಎನ್ನುತ್ತಿರುತ್ತವೆ. ಹಾಗಾಗಿ ಮೊದಲ ಸಲ, ಸ್ವಲ್ಪವೇ ಸಮಯವಿಟ್ಟುಕೊಂಡು ಹೋಗುವವರು ಮೊದಲು ನಿರ್ಧರಿಸಬೇಕಾದದ್ದು ಏನನ್ನು ನೋಡಬೇಕೆಂದಲ್ಲ, ಎಲ್ಲಿ ಮಲಗಬೇಕೆಂದು. ನಡುಗಡ್ಡೆಗಳ ಮೇಲೆಯೇ ಎರಡು ರಾತ್ರಿ ತಂಗಿದರೆ ಉಳಿದ ಯೋಜನೆ ಬಹುಪಾಲು ತಾನಾಗಿ ಸರಿಹೋಗುತ್ತದೆ. ಷೆಂಗೆನ್ ವೀಸಾ ಅರ್ಜಿಯ ಜೊತೆ ವಸತಿಯ ಕಾಗದ ಇಡಬೇಕಾದ್ದರಿಂದ ಭಾರತದಿಂದ ಹೋಗುವವರಿಗೆ ಈ ನಿರ್ಧಾರ ಹೇಗೂ ಮೊದಲೇ ಬರುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಹೋಗುವವರು ಕೊನೆಯ ತಿಂಗಳವರೆಗೆ ಕಾಯದಿರುವುದು ಒಳ್ಳೆಯದು.

ಗಂಟೆಗಳ ಈ ಲೆಕ್ಕ ನಗರಾಡಳಿತಕ್ಕೂ ಗೊತ್ತಿದೆ. 2024ರ ಏಪ್ರಿಲ್ 25ರಂದು ವೆನಿಸ್ ಹಗಲು ಪ್ರವಾಸಿಗರಿಗೆ ಪ್ರವೇಶ ಶುಲ್ಕ ಆರಂಭಿಸಿತು. ಆ ವರ್ಷ 29 ದಿನ 5 ಯೂರೊ. 2025ರಲ್ಲಿ 54 ದಿನಗಳಿಗೆ ವಿಸ್ತರಿಸಿ, ಕೊನೆಯ ಗಳಿಗೆಯಲ್ಲಿ ಕಾಯ್ದಿರಿಸುವವರಿಗೆ 10 ಯೂರೊ ಮಾಡಿತು. ಬೆಳಗ್ಗೆ 8.30ರಿಂದ ಸಂಜೆ 4ರ ನಡುವೆ ಬರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ರಾತ್ರಿ ತಂಗುವವರು ಹೋಟೆಲಿನಲ್ಲಿ ಪ್ರವಾಸಿ ತೆರಿಗೆ ಕೊಡುವುದರಿಂದ ಅವರಿಗೆ ವಿನಾಯಿತಿ ಇದೆ. ಆದರೆ ವಿನಾಯಿತಿಯನ್ನು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಶುಲ್ಕದಿಂದ ಜನ ಕಡಿಮೆಯಾದರೇ ಎಂಬುದು ವಾದದ ವಿಷಯ. ಮಿಲಾನಿನಿಂದ ರೈಲಿಗೆ ಹಣ ಕೊಟ್ಟು ಬರುವವರು ಐದು ಯೂರೊಗೆ ಹಿಂಜರಿಯುವರೆಂದು ನಂಬುವುದು ಕಷ್ಟ.

ಎರಡು ರಾತ್ರಿಯ ಸಲಹೆಗೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಹಣದ್ದು. ಲಗೂನಿನ ಆಚೆ ದಡದಲ್ಲಿರುವ ಮೆಸ್ತ್ರೆಯಲ್ಲಿ ಕೋಣೆಗಳು ಅಗ್ಗ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಉಳಿತಾಯ ನಿಜ. ಆದರೆ ಮೆಸ್ತ್ರೆಯಲ್ಲಿ ತಂಗುವವರು ಬೆಳಗ್ಗೆ ತಿಂಡಿ ಮುಗಿಸಿ ಬರುವಾಗ ಉಳಿದ ಗುಂಪೂ ಬಂದಿರುತ್ತದೆ, ರಾತ್ರಿ ಊಟವಾದ ಮೇಲೆ ರೈಲಿನ ವೇಳೆ ನೋಡುತ್ತ ಕೂರಬೇಕಾಗುತ್ತದೆ. ಕೋಣೆಯಲ್ಲಿ ಉಳಿಸಿದ ಹಣಕ್ಕೆ ಅವರು ಬಿಟ್ಟುಕೊಡುವುದು ನಗರದ ಅತ್ಯುತ್ತಮ ಐದಾರು ಗಂಟೆಗಳನ್ನು. ಮೂರು ರಾತ್ರಿ ಮೆಸ್ತ್ರೆಯಲ್ಲಿ ಕಳೆಯುವುದಕ್ಕಿಂತ ಎರಡು ರಾತ್ರಿ ನಡುಗಡ್ಡೆಯಲ್ಲಿ ಕಳೆಯುವುದು ಲೇಸು. ದುಬಾರಿಯಾದ ಸಾನ್ ಮಾರ್ಕೊ ಪೇಟೆಯಲ್ಲೇ ಇರಬೇಕೆಂದೇನೂ ಇಲ್ಲ. ಕನ್ನರೇಜೊ, ದೊರ್ಸೊದುರೊ, ಕಸ್ತೆಲ್ಲೊಗಳಲ್ಲಿ ದರ ತಗ್ಗುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾಗುತ್ತ ಹೋದದ್ದು ಅದಕ್ಕೆ ಒಂದು ಕಾರಣ. ಹಗಲು ಬಂದು ಹೋಗುವವರು ನೂಕುನುಗ್ಗಲು ತರುತ್ತಾರೆ. ತಂಗುವವರು ಮನೆಗಳನ್ನೇ ನುಂಗುತ್ತಾರೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಇದಕ್ಕೆ ಪೂರ್ತಿ ಉತ್ತರವಿಲ್ಲ. ಹೋಟೆಲ್ ಎಂದೇ ಕಟ್ಟಿದ, ಹೋಟೆಲ್ ಎಂದೇ ನಡೆಯುತ್ತಿರುವ ಜಾಗದಲ್ಲಿ ತಂಗಿದರೆ ಕನಿಷ್ಠ ಒಂದು ಸಂಸಾರದ ಮನೆ ಬಾಡಿಗೆಗೆ ಹೋಗುವುದು ತಪ್ಪುತ್ತದೆ. ಕ್ರೈಸ್ತ ಮಠಗಳು ನಡೆಸುವ ಅತಿಥಿಗೃಹಗಳೂ ಇವೆ. ಸರಳ, ಶುಚಿ, ರಾತ್ರಿ ಬಾಗಿಲು ಮುಚ್ಚುವ ವೇಳೆಯನ್ನು ಮಾತ್ರ ಕೇಳಿಕೊಳ್ಳಬೇಕು.

ವರ್ಷದ ಯಾವ ಕಾಲ ಎಂಬುದು ಅಷ್ಟು ಕ್ಲಿಷ್ಟವಲ್ಲ. ಜುಲೈ, ಆಗಸ್ಟ್‌ನಲ್ಲಿ ಸೆಕೆ, ಸೊಳ್ಳೆ, ಜನ ಮೂರೂ ಹೆಚ್ಚು. ಫೆಬ್ರವರಿಯ ಸುತ್ತಮುತ್ತ ಬರುವ ಮುಖವಾಡದ ಹಬ್ಬ ಕಾರ್ನಿವಲ್ ಚೆಲುವಾದದ್ದೇ, ಆದರೆ ಮೊದಲ ಭೇಟಿಗೆ ಅದು ನಗರವನ್ನು ಮರೆಮಾಡುತ್ತದೆ. ಮಾರ್ಚ್, ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯವು. ನವೆಂಬರ್ 21ಕ್ಕೆ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚಿನ ಹಬ್ಬ ಬರುತ್ತದೆ. ಊರಿನ ಮೂರರಲ್ಲಿ ಒಂದು ಪಾಲು ಜನರನ್ನು ಬಲಿತೆಗೆದುಕೊಂಡ 1630ರ ಪ್ಲೇಗಿನಿಂದ ಪಾರಾದರೆ ಕಟ್ಟಿಸುವೆವೆಂದು ಹರಕೆ ಹೊತ್ತು ಎಬ್ಬಿಸಿದ ಚರ್ಚು ಇದು. ಮಹಾಕಾಲುವೆಗೆ ಅಡ್ಡಲಾಗಿ ಆ ಹಬ್ಬಕ್ಕೆಂದೇ ತಾತ್ಕಾಲಿಕ ಸೇತುವೆ ಹಾಕುತ್ತಾರೆ, ಜನ ಮೇಣದ ಬತ್ತಿ ಹಿಡಿದು ದಾಟುತ್ತಾರೆ. ಪ್ರವಾಸಿಗರಿಗಾಗಿ ನಡೆಸದ ಕೆಲವೇ ಸಂಭ್ರಮಗಳಲ್ಲಿ ಅದೊಂದು.

ಶರತ್ಕಾಲ, ಚಳಿಗಾಲ ಎಂದೊಡನೆ ನೆರೆಯ ಪ್ರಶ್ನೆ ಏಳುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ದಕ್ಷಿಣದ ಬಿಸಿಗಾಳಿ ಏಡ್ರಿಯಾಟಿಕ್ ಸಮುದ್ರದ ನೀರನ್ನು ಉತ್ತರದ ತುದಿಗೆ ತಳ್ಳುವಾಗ ಭರತವೂ ಕೂಡಿಬಂದರೆ ಬೀದಿಗೆ ನೀರು ಏರುತ್ತದೆ. 1966ರ ನವೆಂಬರ್ 4ರಂದು ಅದು 194 ಸೆಂಟಿಮೀಟರ್ ಮುಟ್ಟಿತು. 2019ರ ನವೆಂಬರ್ 12ರಂದು 187. ಈಗ ಲಗೂನಿನ ಮೂರು ಬಾಯಿಗಳಲ್ಲಿ ಸಮುದ್ರದ ತಳದಿಂದ ಮೇಲೇಳುವ 78 ಉಕ್ಕಿನ ಕದಗಳಿವೆ. ಮೊಸೆ ಎಂದು ಕರೆಯುವ ಈ ತಡೆ 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ನಿಜವಾದ ಉಬ್ಬರವನ್ನು ಹೊರಗೆ ನಿಲ್ಲಿಸಿತು. ಸಾಮಾನ್ಯವಾಗಿ 110 ಸೆಂಟಿಮೀಟರಿನ ಮುನ್ಸೂಚನೆ ಇದ್ದಾಗ ಅದನ್ನು ಎತ್ತುತ್ತಾರೆ. ಸಾನ್ ಮಾರ್ಕೊ ಚೌಕ ಅದಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಈಗಲೂ ಪಾದ ಮುಳುಗುವಷ್ಟು ನೀರು ನಿಲ್ಲಬಹುದು. ಬದಲಿ ಸಾಕ್ಸ್ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡರೆ ಮುಗಿಯಿತು; ಪ್ರವಾಸವನ್ನೇ ಮುಂದೂಡುವ ಸಂಗತಿಯಲ್ಲ.

ನಗರವನ್ನು ಪ್ರವೇಶಿಸುವ ಬಗೆಗೆ ತುಸು ಯೋಚನೆ ಬೇಕು. ದಡಕ್ಕೂ ವೆನಿಸ್‌ಗೂ ರೈಲು ಸೇತುವೆ ಆದದ್ದು 1846ರಲ್ಲಿ, ರಸ್ತೆ ಸೇತುವೆ 1933ರಲ್ಲಿ. ಅದಕ್ಕೂ ಮೊದಲ ಸಾವಿರ ವರ್ಷ ಎಲ್ಲರೂ ನೀರಿನ ಮೇಲೆಯೇ ಬಂದರು, ಮತ್ತು ನಗರ ತನ್ನ ಮುಖವನ್ನು ಆ ಕಡೆಗೇ ಇಟ್ಟುಕೊಂಡಿತು. ಅರಮನೆಗಳ ಅಲಂಕೃತ ಮುಂಬಾಗಿಲು ಕಾಲುವೆಗೆ ತೆರೆಯುತ್ತದೆ. ಓಣಿಯ ಕಡೆ ಇರುವುದು ಹಿತ್ತಿಲ ಬಾಗಿಲು. ಓಣಿಗಳಲ್ಲಿ ಮಾತ್ರ ತಿರುಗಿದವರು ವೆನಿಸ್‌ನ ಬೆನ್ನನ್ನೇ ನೋಡಿ ಬಂದಂತೆ. ಹಾಗಾಗಿ ಮೊದಲ ಮಧ್ಯಾಹ್ನ, ಸಾಮಾನು ಕೋಣೆಯಲ್ಲಿಟ್ಟ ಕೂಡಲೆ, ಒಂದನೆಯ ನಂಬರಿನ ವಾಪೊರೆಟ್ಟೊ ಹತ್ತಬೇಕು. ಇದು ಊರಿನ ಬಸ್ಸಿನಂತೆ ಓಡುವ ದೋಣಿ. ಮಹಾಕಾಲುವೆಯ ಉದ್ದಕ್ಕೂ ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತ ಸಾಗುತ್ತದೆ. ನಾಲ್ಕು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆಯ ಈ ಕಾಲುವೆಯ ಎರಡೂ ದಡಗಳಲ್ಲಿ ಬೈಜಾಂಟಿಯನ್ ಕಮಾನಿನಿಂದ ಬರೋಕ್ ಗುಮ್ಮಟದವರೆಗಿನ ಆರು ಶತಮಾನಗಳ ಕಟ್ಟಡ ಶೈಲಿ ಸಾಲಾಗಿ ನಿಂತಿದೆ. ಒಂದು ಸಲದ ಟಿಕೆಟ್ 9.50 ಯೂರೊ, 75 ನಿಮಿಷ ಚಾಲ್ತಿ. ಮೂರು ನಾಲ್ಕು ಸಲ ಹತ್ತುವವರಿಗೆ 24 ಅಥವಾ 48 ಗಂಟೆಗಳ ಪಾಸು ಅಗ್ಗ. ಗೊಂಡೊಲಾದ ಅಧಿಕೃತ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ. ನವದಂಪತಿಗಳಿಗೆ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಉಳಿದವರಿಗೆ ಮಹಾಕಾಲುವೆಯ ಅಡ್ಡದಾಟಕ್ಕೆ ಬಳಸುವ ತ್ರಾಗೆತ್ತೊ ಇದೆ. ಅದೂ ಗೊಂಡೊಲಾ ಮಾದರಿಯದೇ, ಎರಡು ಯೂರೊಗೆ ಎರಡು ನಿಮಿಷದ ಸವಾರಿ.

ಅಂದಿನ ರಾತ್ರಿ ಸಾನ್ ಮಾರ್ಕೊ ಚೌಕಕ್ಕೆ, ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿನ ಬೆಸಿಲಿಕಾ ಮತ್ತು ದೋಜ್ ಅರಮನೆಗೆ. ಎರಡಕ್ಕೂ ಟಿಕೆಟನ್ನು ಮುಂಚೆಯೇ ಕಾಯ್ದಿರಿಸಬೇಕು. ಭಾನುವಾರ ಬೆಳಗ್ಗೆ ಬೆಸಿಲಿಕಾ ಪೂಜೆಗೆ ಮೀಸಲು, ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆಯೇ ಪ್ರವೇಶ. ಭುಜ, ಮೊಣಕಾಲು ಮುಚ್ಚಿರಬೇಕು. ಒಳಗೆ ಏನು ನೋಡಬೇಕೆಂಬುದಕ್ಕಿಂತ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಇಟ್ಟುಕೊಂಡು ಹೋದರೆ ಬೆಸಿಲಿಕಾ ಹೆಚ್ಚು ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅಲ್ಲಿನ ಬಹಳಷ್ಟು ಸಂಪತ್ತು ಹೊರಗಿನಿಂದ ತಂದದ್ದು. ಸಂತ ಮಾರ್ಕನ ಅವಶೇಷಗಳನ್ನು 828ರಲ್ಲಿ ಇಬ್ಬರು ವರ್ತಕರು ಅಲೆಕ್ಸಾಂಡ್ರಿಯಾದಿಂದ ಕದ್ದು ತಂದರೆಂಬುದು ಪ್ರತೀತಿ. ಸುಂಕದವರು ಮುಟ್ಟದಿರಲೆಂದು ಮೇಲೆ ಹಂದಿಮಾಂಸ ಮುಚ್ಚಿದ್ದರಂತೆ. ಕಳವನ್ನು ಮರೆಮಾಚುವ ಬದಲು ಊರು ಅದನ್ನು ಬಣ್ಣದ ಹರಳುಚಿತ್ರವಾಗಿ ಗೋಡೆಯ ಮೇಲೆ ಬರೆಸಿಕೊಂಡಿತು. ಮುಂಭಾಗದ ನಾಲ್ಕು ಕಂಚಿನ ಕುದುರೆಗಳು 1204ರ ಧರ್ಮಯುದ್ಧದಲ್ಲಿ ಕಾನ್‌ಸ್ಟಾಂಟಿನೋಪಲ್ ಕೊಳ್ಳೆಹೊಡೆದಾಗ ಸಿಕ್ಕವು. 1797ರಲ್ಲಿ ವೆನಿಸ್ ಗಣರಾಜ್ಯವನ್ನು ಮುಗಿಸಿದ ನೆಪೋಲಿಯನ್ ಅವನ್ನು ಪ್ಯಾರಿಸ್‌ಗೆ ಒಯ್ದ, 1815ರಲ್ಲಿ ಮರಳಿದವು. ಈಗ ಹೊರಗೆ ಕಾಣುವವು ಪ್ರತಿಕೃತಿಗಳು, ಮೂಲ ಕುದುರೆಗಳು ಒಳಗಿನ ಸಂಗ್ರಹಾಲಯದಲ್ಲಿವೆ. ಪಕ್ಕದ ಅರಮನೆಯ ಮಹಾಸಭಾ ಭವನದಲ್ಲಿ ಟಿಂಟೊರೆಟ್ಟೊ ಮತ್ತು ಅವನ ಶಿಷ್ಯರು ಬರೆದ ಸ್ವರ್ಗದ ಚಿತ್ರ 22 ಮೀಟರ್ ಅಗಲವಿದೆ. ಅರಸನ ಹೆಸರಿನಲ್ಲಿದ್ದ ದೋಜ್‌ನನ್ನು ಹಿಡಿತದಲ್ಲಿಟ್ಟುಕೊಂಡು ವರ್ತಕ ಮನೆತನಗಳು ರಾಜ್ಯವಾಳಿದ್ದು ಈ ಭವನದಿಂದ.

ಆ ಮನೆತನಗಳ ಹಣದ ದೊಡ್ಡ ಪಾಲು ಬಂದದ್ದು ಕರಿಮೆಣಸಿನಿಂದ. ಭಾರತದ ಪಶ್ಚಿಮ ಕರಾವಳಿಯ ಮೆಣಸು ಅರಬ್ ವರ್ತಕರ ಕೈದಾಟಿ ಅಲೆಕ್ಸಾಂಡ್ರಿಯಾ ಸೇರುತ್ತಿತ್ತು. ಅಲ್ಲಿಂದ ಕೊಂಡು ಯುರೋಪಿಗೆ ಮಾರುವ ಕೆಲಸವನ್ನು ವೆನಿಸ್ ಬಹುಪಾಲು ತನ್ನದಾಗಿಸಿಕೊಂಡಿತ್ತು. ರಿಯಾಲ್ಟೊ ಸೇತುವೆಯ ಬುಡದಲ್ಲಿರುವ ಫೊಂದಾಕೊ ದೇಯಿ ತೆದೆಸ್ಕಿ ಎಂಬ ಬೃಹತ್ ಕಟ್ಟಡ ಆ ಸರಕು ಕೊಳ್ಳಲು ಆಲ್ಪ್ಸ್ ದಾಟಿ ಬರುತ್ತಿದ್ದ ಜರ್ಮನ್ ವರ್ತಕರ ತಂಗುಮನೆ, ಗೋದಾಮು. 1498ರಲ್ಲಿ ವಾಸ್ಕೊ ಡ ಗಾಮ ಮಲಬಾರು ಮುಟ್ಟಿದ ಸುದ್ದಿಯಿಂದ ಈ ಸೇತುವೆಯ ಸುತ್ತಿನ ಅಂಗಡಿಗಳು ನಡುಗಿದ್ದು ಸಹಜ. ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಎಳೆಗಳಿವೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂತಿ ಈ ಲಗೂನಿನ ದಕ್ಷಿಣ ತುದಿಯ ಕ್ಯೋಜ್ಜಾದವನು. ಅವನು ತಂದ ಮಾಹಿತಿಯನ್ನು ಫ್ರಾ ಮಾವ್ರೊ ಎಂಬ ಸನ್ಯಾಸಿ ತನ್ನ ವಿಶ್ವನಕಾಶೆಗೆ ಬಳಸಿಕೊಂಡನೆಂದು ವಿದ್ವಾಂಸರು ಗುರುತಿಸುತ್ತಾರೆ. 1450ರ ಆಸುಪಾಸಿನ, ದಕ್ಷಿಣ ದಿಕ್ಕನ್ನು ಮೇಲಿಟ್ಟು ಬರೆದ ಆ ನಕಾಶೆ ಸಾನ್ ಮಾರ್ಕೊ ಚೌಕದ ಮಾರ್ಚಾನಾ ಗ್ರಂಥಾಲಯದಲ್ಲಿದೆ. ಅರಮನೆಯ ಟಿಕೆಟ್‌ನಲ್ಲಿ ಆ ಗ್ರಂಥಾಲಯದ ಹಳೆಯ ಭವನಗಳ ಪ್ರವೇಶವೂ ಸೇರಿರುತ್ತದೆ, ಆದರೆ ಅರಮನೆಯಿಂದ ಹೊರಬಿದ್ದವರಲ್ಲಿ ಬಹಳ ಮಂದಿ ಅತ್ತ ತಿರುಗುವುದಿಲ್ಲ. ಇನ್ನೊಬ್ಬ ವೆನಿಸ್ ವರ್ತಕ ಚೇಸರೆ ಫೆದೆರಿಚಿ ರಕ್ಕಸತಂಗಡಿ ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರದಲ್ಲಿ ಏಳು ತಿಂಗಳು ಇದ್ದ. ಪಾಳುಬಿದ್ದ ಹಂಪೆಯ ವಿವರವೂ ಇರುವ ಅವನ ಪ್ರವಾಸ ಪುಸ್ತಕ 1587ರಲ್ಲಿ ವೆನಿಸ್‌ನಲ್ಲೇ ಅಚ್ಚಾಯಿತು.

ಹತ್ತೂವರೆ ಹನ್ನೊಂದರ ಹೊತ್ತಿಗೆ ಗುಂಪು ಚೌಕವನ್ನು ತುಂಬುತ್ತದೆ. ಅಷ್ಟರೊಳಗೆ ಅಲ್ಲಿಂದ ಕಾಲ್ತೆಗೆಯುವುದೇ ಆ ದಿನದ ಯೋಜನೆಯ ಬೆನ್ನೆಲುಬು. ನಡುಹಗಲನ್ನು ಸಾನ್ ಪೋಲೊ ಪೇಟೆಯಲ್ಲಿ ಕಳೆಯಬಹುದು. ಅಲ್ಲಿನ ಫ್ರಾರಿ ಚರ್ಚಿನಲ್ಲಿ ಟಿಶಿಯನ್ 1518ರಲ್ಲಿ ಮುಗಿಸಿದ ಮೇರಿಯ ಸ್ವರ್ಗಾರೋಹಣ ಚಿತ್ರ ಅದನ್ನು ಯಾವ ಬಲಿಪೀಠಕ್ಕೆಂದು ಬರೆದನೋ ಅದರ ಮೇಲೆಯೇ ಇದೆ. ಎರಡು ಹೆಜ್ಜೆ ಆಚೆ ಸಾನ್ ರೊಕ್ಕೊ ಸಂಘದ ಭವನದ ಗೋಡೆ, ಚಾವಣಿಗಳನ್ನು ಟಿಂಟೊರೆಟ್ಟೊ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ತುಂಬಿಸಿದ್ದಾನೆ. ದೊಡ್ಡ ಚಿತ್ರಶಾಲೆಯಾದ ಅಕಾಡೆಮಿಯಾವನ್ನು ಇದಕ್ಕಾಗಿ ಬಿಟ್ಟರೆ ಪಟ್ಟಿಪ್ರಿಯರು ಒಪ್ಪಲಾರರು. ಆದರೆ ಚಿತ್ರಶಾಲೆಯಲ್ಲಿ ಚಿತ್ರಗಳು ತಮ್ಮ ಮನೆ ಬಿಟ್ಟು ಬಂದು ನಿಂತಿರುತ್ತವೆ. ಇಲ್ಲಿ ಅವು ಯಾವ ಬೆಳಕಿಗೆ, ಯಾವ ಗೋಡೆಗೆ ಬರೆಯಲ್ಪಟ್ಟವೋ ಅಲ್ಲೇ ಇವೆ.

ಕಣ್ಣು ದಣಿದಾಗ ಬಯಲು ಚೌಕಗಳಿವೆ. ಕಂಪೊ ಎಂಬ ಈ ಚೌಕಗಳ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ನೋಡಲು ಬಾವಿ, ನಿಜದಲ್ಲಿ ಮಳೆನೀರಿನ ತೊಟ್ಟಿ. ಸುತ್ತ ನೀರಿದ್ದೂ ಕುಡಿಯುವ ನೀರಿಲ್ಲದ ಊರು ಚೌಕದ ಕೆಳಗೆ ಜೇಡಿಮಣ್ಣಿನ ಪದರ ಹಾಸಿ, ಒಳಗೆ ಮರಳು ತುಂಬಿ, ಬಿದ್ದ ಮಳೆಯನ್ನು ಸೋಸಿ ನಡುವಣ ಬಾವಿಗೆ ಇಳಿಸುತ್ತಿತ್ತು. ದಡದಿಂದ ಕೊಳವೆ ನೀರು ಬಂದದ್ದು 1884ರಲ್ಲಿ. ಕಟ್ಟಡಗಳ ಕೆಳಗೂ ಇಂಥದೇ ಜಾಣ್ಮೆ ಅಡಗಿದೆ: ಕೆಸರಿನೊಳಗೆ ಒತ್ತಾಗಿ ಬಡಿದ ಮರದ ಗೂಟಗಳು ಗಾಳಿ ತಾಗದ್ದರಿಂದ ಕೊಳೆಯದೆ ಉಳಿದವು, ಅವುಗಳ ಮೇಲೆ ನೀರು ಹೀರದ ಇಸ್ತ್ರಿಯಾದ ಬಿಳಿಗಲ್ಲನ್ನು ಹೇರಿ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಸಂಜೆ ಕನ್ನರೇಜೊದ ಘೆಟ್ಟೊ ಕಡೆ ನಡೆದರೆ ಇದೇ ನಗರದ ಇನ್ನೊಂದು ಮುಖ. 1516ರಲ್ಲಿ ಯಹೂದಿಗಳನ್ನು ಇಲ್ಲಿ ಕೂಡಿಹಾಕಿ ರಾತ್ರಿ ದ್ವಾರ ಮುಚ್ಚುವ ಕಟ್ಟಳೆ ತಂದರು. ಅಗಲಿಸಲು ಜಾಗವಿಲ್ಲದೆ ಮನೆಗಳು ಏಳೆಂಟು ಅಂತಸ್ತು ಮೇಲೆದ್ದವು. ತಗ್ಗು ಸೂರಿನ ಆ ಎತ್ತರದ ಮನೆಗಳು ಈಗಲೂ ಇವೆ.

ಊಟಕ್ಕೆ ಬಾಕಾರೊ ಎಂಬ ಚಿಕ್ಕ ಅಂಗಡಿಗಳು ವಾಸಿ. ನಿಂತುಕೊಂಡೇ ತಿನ್ನುವ ಚಿಕೆತ್ತಿ ಎಂಬ ತುಣುಕು ತಿಂಡಿಗಳಲ್ಲಿ ಮೀನು ಹೆಚ್ಚು. ಸಸ್ಯಾಹಾರಿಗಳಿಗೆ ಬದನೆ, ಪಲ್ಲೆಹೂವು, ಚೀಸ್ ಹಾಕಿದವು ಸಿಗುತ್ತವೆ, ಕೇಳಿ ಕೊಳ್ಳಬೇಕು. ಸಾನ್ ಮಾರ್ಕೊ ಚೌಕದಲ್ಲಿ ಕುರ್ಚಿ ಎಳೆದು ಕೂತರೆ ಒಂದು ಕಾಫಿಗೆ ಕೊಡುವ ಹಣದಲ್ಲಿ ಬೇರೆಡೆ ಊಟವಾಗುತ್ತದೆ. ಚರ್ಚಿನ, ಸೇತುವೆಯ ಮೆಟ್ಟಿಲ ಮೇಲೆ ಕೂತು ತಿನ್ನುವುದು, ಪಾರಿವಾಳಕ್ಕೆ ಕಾಳು ಹಾಕುವುದು ಎರಡಕ್ಕೂ ದಂಡವಿದೆ. ಚಕ್ರದ ದೊಡ್ಡ ಪೆಟ್ಟಿಗೆ ತಂದವರು ಮೆಟ್ಟಿಲು ಸೇತುವೆಗಳನ್ನು ಎಣಿಸುತ್ತ ಪಶ್ಚಾತ್ತಾಪ ಪಡುತ್ತಾರೆ. ಕೋಣೆ ಆರಿಸುವಾಗ ವಾಪೊರೆಟ್ಟೊ ನಿಲ್ದಾಣಕ್ಕೂ ಅದಕ್ಕೂ ನಡುವೆ ಎಷ್ಟು ಸೇತುವೆ ಎಂದು ಕೇಳುವುದು ದರ ಕೇಳುವಷ್ಟೇ ಅಗತ್ಯ.

ಮೂರನೆಯ ದಿನ ಬೆಳಗ್ಗೆ ಉಳಿದಿದ್ದರೆ ರೂಢಿಯ ದಾರಿ ಮುರಾನೊದ ಗಾಜು, ಬುರಾನೊದ ಬಣ್ಣದ ಮನೆಗಳು. ಎರಡೂ ಕೆಟ್ಟವಲ್ಲ. ಆದರೆ ಒಂದೇ ಕಡೆ ಹೋಗಲು ಹೊತ್ತಿದ್ದರೆ ತೋರ್ಚೆಲ್ಲೊ ಮೇಲು. ದೋಣಿ ಬದಲಿಸಿಕೊಂಡು ಸುಮಾರು ಒಂದು ಗಂಟೆಯ ದಾರಿ. ವೆನಿಸ್‌ಗಿಂತ ಮೊದಲು ಏಳಿಗೆ ಕಂಡ ಊರದು. ಸುತ್ತಲಿನ ನೀರು ಹೂಳು ತುಂಬಿ ಜೌಗಾಯಿತು, ಮಲೇರಿಯ ಬಂತು, ಜನ ಬಿಟ್ಟು ಹೋದರು, ಕಟ್ಟಡದ ಕಲ್ಲನ್ನೂ ಕಿತ್ತು ಒಯ್ದರು. 639ರಲ್ಲಿ ಸ್ಥಾಪನೆಯಾದ ಚರ್ಚು ಇನ್ನೂ ನಿಂತಿದೆ, ಪಶ್ಚಿಮದ ಗೋಡೆಯ ತುಂಬ ಅಂತಿಮ ತೀರ್ಪಿನ ಹರಳುಚಿತ್ರ ಹೊತ್ತು. ಇದೇ ಗತಿ ತನಗೂ ಬಾರದಿರಲೆಂದು ವೆನಿಸ್ ಬ್ರೆಂತಾ, ಪಿಯಾವೆಯಂಥ ನದಿಗಳ ಪಾತ್ರಗಳನ್ನೇ ತಿರುಗಿಸಿ ಹೂಳು ಲಗೂನಿಗೆ ಬೀಳದಂತೆ ಮಾಡಿತು. ತೋರ್ಚೆಲ್ಲೊ ನೋಡಿದವರಿಗೆ ಆ ನೂರಾರು ವರ್ಷಗಳ ಖರ್ಚಿನ ಅರ್ಥವಾಗುತ್ತದೆ.

ವೀಸಾ, ರಜೆ, ಗುಂಪಿನ ವೇಳಾಪಟ್ಟಿ ಇವುಗಳ ಕಟ್ಟಿನಲ್ಲಿ ಒಂದೇ ಹಗಲು ಸಿಗುವವರೂ ಇರುತ್ತಾರೆ. ಅವರು ಮೇಲಿನದೆಲ್ಲವನ್ನೂ ಆ ಹಗಲಿಗೆ ತುರುಕಬಾರದು. ಬೆಳಗ್ಗೆ ಎಂಟರೊಳಗೆ ತಲುಪುವ ರೈಲು ಹಿಡಿದು, ವಾಪೊರೆಟ್ಟೊದಲ್ಲಿ ಮಹಾಕಾಲುವೆ ದಾಟಿ, ಬೆಸಿಲಿಕಾವನ್ನೋ ಅರಮನೆಯನ್ನೋ ಒಂದನ್ನು ಮಾತ್ರ ನೋಡಿ, ಹನ್ನೊಂದಕ್ಕೆ ಅಲ್ಲಿಂದ ಹೊರಟು, ಉಳಿದ ಹೊತ್ತನ್ನು ಫ್ರಾರಿ ಮತ್ತು ದೊರ್ಸೊದುರೊದ ದಡಗಳಲ್ಲಿ ಕಳೆಯುವುದು ಸರಿ. ಮರಳುವ ರೈಲನ್ನು ಆದಷ್ಟು ತಡವಾಗಿ, ಸಾಧ್ಯವಾದರೆ ರಾತ್ರಿ ಒಂಬತ್ತರ ಮೇಲೆ ಕಾಯ್ದಿರಿಸಬೇಕು. ಗುಂಪು ಹೋದ ಮೇಲಿನ ಮೂರು ಗಂಟೆ ಅವರ ಪಾಲಿಗೂ ಸಿಗಬೇಕಾದರೆ ಇರುವ ದಾರಿ ಅದೊಂದೇ.